ಜಿಪುಣ ಮಾಮನ ಜೇಬಿನ ಸಕ್ಕರೆ

ಇನ್ನೂ ಬೆಳಕು ಹರಿದಿಲ್ಲ. ಹದಿಮೂರು ಮಹಡಿಗಳ ವಸತಿ ಕಟ್ಟಡವೊಂದರ ಲಿಫ್ಟಿನ ಒಳಗಲ್ಲ, ಅದರ ನೆತ್ತಿಯ ಮೇಲೆ ಒಬ್ಬರು ಕುಕ್ಕರಗಾಲಲ್ಲಿ ಕೂತಿದ್ದಾರೆ. ಹಣೆಗೆ ಕಟ್ಟಿದ ದೀಪ, ಸೊಂಟಕ್ಕೆ ಬಿಗಿದ ಪಟ್ಟಿ, ಮೊಣಕೈವರೆಗೂ ಗ್ರೀಸು. ಹಳೇ ಬನಿಯನ್ನಿನ ಚೂರೊಂದನ್ನು ಅಂಗೈಯಲ್ಲಿ ಹಿಡಿದು, ಮೇಲಿಂದ ಇಳಿದಿರುವ ಉಕ್ಕಿನ ಹಗ್ಗಗಳನ್ನು ಒಂದೊಂದಾಗಿ ಸವರುತ್ತಿದ್ದಾರೆ. ಹಗ್ಗದಲ್ಲಿ ಒಂದೇ ಒಂದು ಎಳೆ ತುಂಡಾಗಿದ್ದರೂ ಬಟ್ಟೆ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಕಣ್ಣಿಗೆ ಮೋಸವಾದೀತು, ಬನಿಯನ್ನಿಗೆ ಆಗುವುದಿಲ್ಲ ಎನ್ನುವುದು ಅವರ ನಂಬಿಕೆ.

ಹಗ್ಗಗಳ ಸರದಿ ಮುಗಿದ ಮೇಲೆ ಅವರು ತಮ್ಮ ಅಂಗಿಯ ಎಡ ಜೇಬನ್ನು ಒಮ್ಮೆ ಮುಟ್ಟಿ ನೋಡಿಕೊಳ್ಳುತ್ತಾರೆ. ಆಮೇಲೆ ಬಲ ಜೇಬು. ಎಡಗಡೆ ಸಕ್ಕರೆ, ಬಲಗಡೆ ಉಪ್ಪು. ಸಕ್ಕರೆಯೆಂದರೆ ಔಷಧದಂಗಡಿಯಲ್ಲಿ ಸಿಗುವ ಗ್ಲೂಕೋಸಿನ ಬಿಲ್ಲೆಗಳು. ಉಪ್ಪು ಮಾತ್ರ ಅಡುಗೆಮನೆಯದೇ, ಚಿಟಿಕೆ ಚಿಟಿಕೆಯಾಗಿ ಕಾಗದದಲ್ಲಿ ಕಟ್ಟಿದ್ದು. "ಕಿರಾಣಿ ಅಂಗಡಿ ಇಟ್ಟಂಗಿದೆ ಅಲ್ವಾ?" ಎಂದು ತಾವೇ ತಮಾಷೆ ಮಾಡುತ್ತಾರೆ. ನಗು ಮುಖದ ತನಕ ಬರುತ್ತದೆ, ಕಣ್ಣಿನ ತನಕ ಬರುವುದಿಲ್ಲ. ಐವತ್ತೆರಡರ ಕಣ್ಣುಗಳಿಗೆ ಈ ಹೊತ್ತಿನಲ್ಲಿ ಅಷ್ಟು ತ್ರಾಣವಿಲ್ಲ.

ಇವತ್ತು ಬೆಳಿಗ್ಗೆ ಕಂಪನಿಯ ಸೂಪರ್‌ವೈಸರ್ ಬರುತ್ತಾರೆ. ಈ ಮನುಷ್ಯ ಇನ್ನು ಮುಂದೆ ಲಿಫ್ಟಿನ ನೆತ್ತಿ ಹತ್ತಬಹುದೋ, ಇಲ್ಲಾ ಮೇಜಿನ ಮುಂದೆ ಕೂತು ಫೋನು ಎತ್ತಬೇಕೋ ಎಂಬುದು ಇವತ್ತು ತೀರ್ಮಾನವಾಗಬೇಕು. ಇಪ್ಪತ್ತೇಳು ವರ್ಷ ಮಾಡಿದ ಕೆಲಸ. ಬೇರೆ ಕೆಲಸ ಅವರಿಗೆ ಬರುವುದಿಲ್ಲ, ಬೇಕೂ ಆಗಿಲ್ಲ.

"ಹೆದರಿಕೆ ಆಗ್ತಿದೆಯಾ?" ಎಂದು ಇವರ ಬಗ್ಗೆ ಬರೆಯಲು ಬಂದವರು ಕೇಳಿದರೆ ಬನಿಯನ್ನಿನ ಚೂರನ್ನು ಹೆಗಲಿಗೆ ಎಸೆದುಕೊಳ್ಳುತ್ತಾರೆ.

"ಆಗ್ತಿದೆ. ಆದ್ರೆ ಎದೆ ಮುಂಚಿನ ಥರ ಹೊಡ್ಕೊಳ್ಳಲ್ಲ. ಹೊಡ್ಕೊಳ್ಳೋಕೆ ಬೇಕಾದ ಸಾಮಾನನ್ನೇ ತೆಗೆದುಬಿಟ್ಟಿದ್ದಾರಲ್ಲ!"

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮೆಲ್ಲರ ಎರಡೂ ಮೂತ್ರಪಿಂಡಗಳ ತಲೆಯ ಮೇಲೆ ಟೋಪಿ ಇಟ್ಟ ಹಾಗೆ ಒಂದೊಂದು ಪುಟ್ಟ ಗ್ರಂಥಿ ಇರುತ್ತದೆ. ಅಡ್ರಿನಲ್ ಗ್ರಂಥಿ ಎನ್ನುತ್ತಾರೆ. ಬೀದಿನಾಯಿ ಅಟ್ಟಿಸಿಕೊಂಡು ಬಂದಾಗ ಅದರ ಒಳತಿರುಳು ಅಡ್ರಿನಲಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ. ಎದೆ ಡವಡವ ಎನ್ನುವುದು, ಕೈ ನಡುಗುವುದು ಎಲ್ಲ ಅದರದೇ ಕಾರುಬಾರು. ಅದೇ ಹೊತ್ತಿಗೆ ಅದು ಲಿವರಿಗೂ ಹೇಳಿ ಕಳಿಸುತ್ತದೆ: ಕೂಡಿಟ್ಟ ಸಕ್ಕರೆಯನ್ನೆಲ್ಲ ರಕ್ತಕ್ಕೆ ಸುರಿ, ಇವನು ಈಗ ಓಡಬೇಕು. ಗ್ರಂಥಿಯ ಹೊರಸಿಪ್ಪೆಯಲ್ಲಿ ತಯಾರಾಗುವ ಕಾರ್ಟಿಸಾಲ್‌ಗೆ ಅಂಥ ಅವಸರವಿಲ್ಲ. ರಾತ್ರಿಯೆಲ್ಲ ಉಪವಾಸವಿದ್ದ ಮೈಯಲ್ಲಿ ಸಕ್ಕರೆ ತೀರಾ ಇಳಿಯದಂತೆ ಅದು ಸದ್ದಿಲ್ಲದೆ ನೋಡಿಕೊಳ್ಳುತ್ತದೆ. ಬೆಳಗಿನ ಜಾವ ತಾನೇ ಏರಿ, ಎದ್ದು ಹಲ್ಲುಜ್ಜುವಷ್ಟು ಶಕ್ತಿ ಕೊಡುತ್ತದೆ. ನಾವು ಮಾತ್ರ ಅಲಾರಂ ಎಬ್ಬಿಸಿತು ಎಂದುಕೊಂಡು ಅದಕ್ಕೊಂದು ಏಟು ಕೊಟ್ಟು ಏಳುತ್ತೇವೆ. ಎಲೆಮರೆಯ ಕಾಯಿ ಎಂದು ಯಾರನ್ನಾದರೂ ಕರೆಯುವುದಾದರೆ ಮೊದಲು ಈ ಗ್ರಂಥಿಯನ್ನು ಕರೆಯಬೇಕು.

ಈ ಲಿಫ್ಟ್ ಮೆಕ್ಯಾನಿಕ್‌ಗೆ ಆ ಎರಡೂ ಗ್ರಂಥಿಗಳಿಲ್ಲ.

ನಲವತ್ತು ದಾಟಿದ ಹೊತ್ತಿಗೆ ಅವರ ಎರಡೂ ಗ್ರಂಥಿಗಳ ತಿರುಳಿನಲ್ಲಿ ಗಡ್ಡೆ ಬೆಳೆದಿತ್ತು. ನಾಯಿಯೂ ಇಲ್ಲ, ನರಿಯೂ ಇಲ್ಲ, ಸುಮ್ಮನೆ ಕೂತು ಚಹಾ ಕುಡಿಯುವಾಗ ಅವು ಇದ್ದಕ್ಕಿದ್ದಂತೆ ಅಡ್ರಿನಲಿನ್ ಸುರಿಯುತ್ತಿದ್ದವು. ತಲೆ ಸಿಡಿಯುವಷ್ಟು ನೋವು, ಬಟ್ಟೆ ಹಿಂಡುವಷ್ಟು ಬೆವರು, ಸುಣ್ಣದಂತೆ ಬಿಳಿಚಿದ ಮುಖ. ರಕ್ತ ಪರೀಕ್ಷೆ ಮಾಡಿದರೆ ಸಕ್ಕರೆ ಏರಿರುತ್ತಿತ್ತು. ಸಕ್ಕರೆ ಕಾಯಿಲೆ ಎಂದು ಮಾತ್ರೆ ಕೊಟ್ಟರು, ಸಿಹಿ ಬಿಡಿಸಿದರು, ಸಂಜೆ ನಡೆಸಿದರು. ಸಕ್ಕರೆ ಮಾತ್ರ ಜಗ್ಗಲಿಲ್ಲ. ಕೆಲಸದವರ ನಡುವೆ ಇನ್ನೊಂದು ಮಾತು ಹಬ್ಬಿತು: ಲಿಫ್ಟಿನವನಿಗೇ ಎತ್ತರದ ಭಯ ಬಂದಿದೆ! ಹೋದಲ್ಲಿ ಬಂದಲ್ಲಿ ಅದೇ ಗೇಲಿ.

"ಅವ್ರು ಹೇಳಿದ್ದು ಹಾಳಾಗ್ಲಿ, ನಾನೇ ನಂಬಿಬಿಟ್ಟಿದ್ದೆ" ಎನ್ನುತ್ತಾರೆ. "ಇಷ್ಟು ವರ್ಷ ಇಲ್ದಿರೋ ಭಯ ಈಗೆಲ್ಲಿಂದ ಬಂತು ಅಂತ ನನ್ನ ಮೇಲೆ ನನಗೇ ಅಸಹ್ಯ ಆಗಿತ್ತು. ಮೇಲೆ ಹತ್ತೋ ಮುಂಚೆ ಗೋಡೆ ಕಡೆ ತಿರುಗಿ ಅತ್ತಿದ್ದೂ ಇದೆ."

ಗಂಟು ಬಿಚ್ಚಿದವರು ಅವರ ಹೆಂಡತಿ. ಆಕೆ ಅದೇ ಕಟ್ಟಡದ ನೆಲಮಹಡಿಯಲ್ಲಿ, ಮೆಟ್ಟಿಲಿನ ಪಕ್ಕದ ಕೋಣೆಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಾರೆ. ಒಂದು ಹೊಲಿಗೆ ಯಂತ್ರ, ಒಂದು ಸ್ಟೂಲು ಇಟ್ಟರೆ ಗಿರಾಕಿ ಹೊರಗೆ ನಿಲ್ಲಬೇಕಾದಷ್ಟು ಜಾಗ. ಗಂಡನಿಗೆ ಹೀಗಾಗುವುದು ಮೇಲೆ ಹತ್ತಿದಾಗ ಮಾತ್ರವಲ್ಲ ಎಂಬುದನ್ನು ಆಕೆ ಗಮನಿಸಿದ್ದರು. ಒಂದು ದಿನ ಡಾಕ್ಟರ ಮುಂದೆ ಕೂತು ಕೇಳಿದರಂತೆ: "ನೆಲದ ಮೇಲೆ ಚಾಪೆ ಹಾಸ್ಕೊಂಡು ಮಲಗಿದ್ದಾಗ್ಲೂ ಹೀಗೇ ಆಗುತ್ತೆ. ಎತ್ತರದ ಭಯ ನೆಲದ ಮೇಲೂ ಬರುತ್ತಾ ಡಾಕ್ಟ್ರೇ?" ಡಾಕ್ಟರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟು ಇನ್ನೊಂದು ಪರೀಕ್ಷೆಗೆ ಕಳಿಸಿದರು. ಆಮೇಲೆ ಸ್ಕ್ಯಾನ್, ಆಮೇಲೆ ದೊಡ್ಡಾಸ್ಪತ್ರೆ, ಆಮೇಲೆ ಶಸ್ತ್ರಚಿಕಿತ್ಸೆ. ಎರಡೂ ಗ್ರಂಥಿ ಹೋದವು. ಇದು ಮಕ್ಕಳಿಗೂ ಬರಬಹುದು ಎಂದಾಗ ಇಬ್ಬರೂ ಮಗಳನ್ನು ಕರೆದುಕೊಂಡು ಹೋಗಿ ಪರೀಕ್ಷೆ ಮಾಡಿಸಿದರು. ಆಕೆಗೆ ಏನೂ ಇಲ್ಲ ಎಂದು ಗೊತ್ತಾದ ದಿನ ಆಸ್ಪತ್ರೆಯ ಬೆಂಚಿನ ಮೇಲೆ ಇಬ್ಬರೂ ಊಟ ಮರೆತು ಕೂತಿದ್ದರು.

ಗಡ್ಡೆ ಹೋದ ಮೇಲೆ ಸಕ್ಕರೆ ಕಾಯಿಲೆಯೂ ಹೋಯಿತು. ಅಬ್ಬಾ, ಗೆದ್ದೆವು ಎನ್ನುವಷ್ಟರಲ್ಲಿ ಬೇರೆಯೇ ಲೆಕ್ಕ ಶುರುವಾಯಿತು. ಅತ್ತ ದರಿ, ಇತ್ತ ಪುಲಿ. ಮುಂಚೆ ಏರುತ್ತಿದ್ದ ಸಕ್ಕರೆ ಈಗ ಇಳಿಯತೊಡಗಿತು. ಕಾರ್ಟಿಸಾಲ್‌ನ ಕೆಲಸವನ್ನು ಈಗ ಮಾತ್ರೆ ಮಾಡಬೇಕು. ಕಣ್ಣು ಬಿಟ್ಟ ತಕ್ಷಣ, ಹಾಸಿಗೆಯಿಂದ ಕಾಲು ಕೆಳಗಿಡುವ ಮುಂಚೆಯೇ ಮೊದಲನೆಯದು. ಮಧ್ಯಾಹ್ನ ಇನ್ನೊಂದು, ಸಂಜೆ ಅರ್ಧ. ಮೈಯಲ್ಲಿ ಉಪ್ಪು ನಿಲ್ಲುವುದಕ್ಕೆ ಬೇರೊಂದು ಮಾತ್ರೆ. ಜ್ವರ ಬಂದರೆ, ಏಟು ಬಿದ್ದರೆ, ಮೈ ಮುರಿಯುವ ಕೆಲಸ ಎದುರಾದರೆ ತಾನಾಗಿ ಹೆಚ್ಚು ಹಾರ್ಮೋನು ಬಿಡುವ ಗ್ರಂಥಿ ಇಲ್ಲವಲ್ಲ, ಅದಕ್ಕೆ ಆಗ ಮಾತ್ರೆಯನ್ನೂ ಹೆಚ್ಚಿಸಿಕೊಳ್ಳಬೇಕು. ಹೊಟ್ಟೆ ಖಾಲಿ ಬಿಡಬಾರದು.

ಅವರು ಇದನ್ನು ತಮ್ಮ ಕೆಲಸದ ಭಾಷೆಯಲ್ಲೇ ಹೇಳುತ್ತಾರೆ. "ಕರೆಂಟ್ ಹೋದ್ರೆ ಒಳ್ಳೇ ಲಿಫ್ಟಲ್ಲಿ ಬ್ಯಾಟರಿ ಇರುತ್ತೆ, ಹತ್ತಿರದ ಮಹಡಿಗೆ ಹೋಗಿ ನಿಂತ್ಕೊಳ್ಳುತ್ತೆ. ನನ್ನಲ್ಲಿ ಬ್ಯಾಟರಿ ಇಲ್ಲ. ಎಲ್ಲಿ ಕರೆಂಟ್ ಹೋಯ್ತೋ ಅಲ್ಲೇ ನಿಂತೆ."

ಇನ್ನೂ ಒಂದು ತೊಡಕಿದೆ. ಸಕ್ಕರೆ ಇಳಿದಾಗ ಬೇರೆಯವರಿಗೆ ಅಡ್ರಿನಲಿನ್ನೇ ಗಂಟೆ ಬಾರಿಸುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ, ಏನಾದರೂ ತಿನ್ನು ಎಂದು ಮೈ ಕೂಗುತ್ತದೆ. ಇವರ ಮೈಯಲ್ಲಿ ಆ ಗಂಟೆ ಸರಿಯಾಗಿ ಬಡಿಯುವುದಿಲ್ಲ. ಸ್ವಲ್ಪ ಬೆವರು, ಸ್ವಲ್ಪ ಮಂಕು, ಆಮೇಲೆ ನಿದ್ದೆ ಬಂದ ಹಾಗೆ. ಬಡಿಯುವ ಗಂಟೆಯೊಂದು ಇದ್ದರೆ ಅದು ಹೆಂಡತಿಗೆ ಮಾತ್ರ ಕೇಳುತ್ತದೆ.

"ಇವ್ರು ಹುಟ್ಟಾ ತಕರಾರಿನವ್ರು" ಎನ್ನುತ್ತಾರೆ ಆಕೆ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ. "ಛತ್ರಿ ತಗೊಳ್ಳಿ ಅಂದ್ರೆ ಮಳೆ ಬರಲ್ಲ ಅಂತಾರೆ. ಮಳೆ ಬರಲ್ಲ ಅಂದ್ರೆ ಬಂದೇ ಬರುತ್ತೆ ಅಂತಾರೆ. ನಾನು ಏರಿಗೆಳೆದ್ರೆ ಇವ್ರು ನೀರಿಗೆ. ಆದ್ರೆ ಸಕ್ಕರೆ ಇಳೀತು ಅನ್ನಿ, ಏನು ಹೇಳಿದ್ರೂ 'ಆಯ್ತು' ಅಂತಾರೆ. ಮೆತ್ತಗೆ, ಮಗು ಥರ. ನೆರೆಮನೆಯವ್ರು, ಎಷ್ಟು ಒಳ್ಳೇ ಗಂಡ ಅಂದ್ಕೋಬಹುದು. ನನಗೆ ಮಾತ್ರ ಎದೆ ಧಸಕ್ ಅನ್ನುತ್ತೆ."

ಅಂಗಡಿಯ ಹೊಲಿಗೆ ಯಂತ್ರದ ಖಾನೆಯಲ್ಲಿ ದಾರದ ಉಂಡೆ, ಸೀಮೆಸುಣ್ಣ, ಗುಂಡಿಗಳ ಡಬ್ಬಿಯ ಜೊತೆಗೆ ಕಾರ್ಟಿಸಾಲ್‌ನ ಒಂದು ಇಂಜೆಕ್ಷನ್ ಸದಾ ಇರುತ್ತದೆ. ತೊಡೆಗೆ ಚುಚ್ಚಬೇಕಾದದ್ದು, ಮಾತ್ರೆ ನುಂಗಲಾಗದಷ್ಟು ಕೈಮೀರಿದಾಗ. ಆಸ್ಪತ್ರೆಯಲ್ಲಿ ಅದನ್ನು ಕಲಿಸಿದ ನರ್ಸು, ಸೂಜಿ ಕಂಡರೆ ಭಯವೇ ಎಂದು ಕೇಳಿದ್ದರಂತೆ. ದಿನಕ್ಕೆ ಸಾವಿರ ಸಲ ಸೂಜಿ ಚುಚ್ಚುವ ಹೆಂಗಸನ್ನು ಕೇಳುವ ಮಾತೇ ಅದು?

ಮಾತ್ರೆ ನುಂಗಿಕೊಂಡು, ಉಪ್ಪು ನೆಕ್ಕಿಕೊಂಡು ಅವರು ಮತ್ತೆ ಕೆಲಸಕ್ಕೆ ಬಂದರು. ನಾಲ್ಕು ಕಟ್ಟಡ, ಎಂಟು ಲಿಫ್ಟು. ಆಫೀಸು, ಶಾಲೆಯ ನೂಕುನುಗ್ಗಲು ಶುರುವಾಗುವ ಮುಂಚೆ ದಿನಕ್ಕೆರಡನ್ನು ಪೂರ್ತಿ ನೋಡಿ ಮುಗಿಸಬೇಕು. ತಳದ ಗುಂಡಿಗೆ ಇಳಿದು ಕಸ ಬಾಚಬೇಕು. ಚಾಕಲೇಟ್ ಕಾಗದ, ಬೀಗದ ಕೈ, ಒಮ್ಮೆ ಯಾರದೋ ಹಲ್ಲಿನ ಸೆಟ್ಟು ಸಿಕ್ಕಿತ್ತಂತೆ. ವಾರಸುದಾರರು ನಾಚಿಕೆಯಿಂದ ಇವತ್ತಿಗೂ ಬಂದಿಲ್ಲ. ದಿನಕ್ಕೆ ಸಾವಿರಾರು ಜನ ಹತ್ತಿ ಇಳಿಯುತ್ತಾರೆ. ಲಿಫ್ಟು ಸರಿಯಿದ್ದಷ್ಟು ದಿನ ಅದನ್ನು ನೋಡಿಕೊಳ್ಳುವವನೊಬ್ಬ ಇದ್ದಾನೆಂದು ಒಬ್ಬರಿಗೂ ನೆನಪಾಗುವುದಿಲ್ಲ. ಕೆಟ್ಟ ದಿನ ಎಲ್ಲರಿಗೂ ನೆನಪಾಗುತ್ತದೆ, ಬಯ್ಯುವುದಕ್ಕೆ.

ಮಕ್ಕಳಿಗೆ ಮಾತ್ರ ಇವರು ಚೆನ್ನಾಗಿ ಗೊತ್ತು, ಜಿಪುಣ ಮಾಮ ಎಂದು. ಜೇಬಿನಲ್ಲಿ ನೀಲಿ ಚೌಕಳಿಯ ಬಟ್ಟೆಚೀಲ, ಅದರ ತುಂಬ ಬಣ್ಣಬಣ್ಣದ ಬಿಲ್ಲೆ. ಆಗಾಗ ತಾವೊಬ್ಬರೇ ಬಾಯಿಗೆ ಹಾಕಿಕೊಳ್ಳುತ್ತಾರೆ, ಎಷ್ಟು ಗೋಗರೆದರೂ ಒಂದನ್ನೂ ಕೊಡುವುದಿಲ್ಲ. "ಅದು ಮಿಠಾಯಿ ಅಲ್ಲ ಕಣ್ರೋ, ಔಷಧಿ" ಎಂದರೆ ಯಾವ ಮಗು ನಂಬುತ್ತದೆ? ಎಂಜಲು ಕೈಯಲ್ಲಿ ಕಾಗೆ ಓಡಿಸದವನು ಎಂಬ ಮಾತನ್ನು ಯಾರೋ ದೊಡ್ಡವರೇ ಹೇಳಿಕೊಟ್ಟಿರಬೇಕು, ಅದನ್ನೂ ಆಡಿದ್ದಾಯಿತು. ಆ ಚೀಲವನ್ನು ಹೊಲಿದುಕೊಟ್ಟವರು ಹೆಂಡತಿ. ಯಾವುದೋ ಅಂಗಿ ಕತ್ತರಿಸಿ ಉಳಿದ ಚೂರಿನಲ್ಲಿ, ಬಾಯಿಗೆ ದಾರ ಹಾಕಿ.

ಮೂರು ತಿಂಗಳ ಹಿಂದೆ, ಅದೇ ಜಿಪುಣ ಮಾಮ ತಮ್ಮ ಚೀಲವನ್ನು ಪೂರ್ತಿಯಾಗಿ ಕೊಟ್ಟುಬಿಟ್ಟರು.

ಬೆಳಗಿನ ಕೆಲಸ ಮುಗಿಸಿ ತಿಂಡಿಗೆ ಕೆಳಗಿಳಿಯಬೇಕು, ಅಷ್ಟರಲ್ಲಿ ಕರೆಂಟು ಹೋಯಿತು. ಜನರೇಟರು ಕೆಮ್ಮಿ ಸುಮ್ಮನಾಯಿತು, ಈ ಹಳೇ ಲಿಫ್ಟಿಗೆ ಬ್ಯಾಟರಿಯೂ ಇಲ್ಲ. ಆರು ಮತ್ತು ಏಳನೇ ಮಹಡಿಯ ನಡುವೆ ಲಿಫ್ಟು ನಿಂತಿದೆ, ಒಳಗೆ ಒಬ್ಬರೇ ಒಬ್ಬರು ಹೆಂಗಸು. ಒಂಬತ್ತನೇ ಮಹಡಿಯ ನಿವೃತ್ತ ಟೀಚರ್. ಜೊತೆಗಾರ ಮೆಕ್ಯಾನಿಕ್ ಆ ದಿನ ಜ್ವರವೆಂದು ರಜೆ ಹಾಕಿದ್ದರು. ಇಬ್ಬರು ಮಾಡಬೇಕಾದ ಕೆಲಸ, ಇನ್ನೊಬ್ಬರು ಬರುವ ತನಕ ಕಾಯಬೇಕಿತ್ತು. ಇವರು ಕಾಯಲಿಲ್ಲ. ಏಳನೇ ಮಹಡಿಗೆ ಹತ್ತಿ ಹೊರಬಾಗಿಲನ್ನು ಕೀಲಿಯಿಂದ ಒಂದು ಗೇಣು ತೆರೆದು ಇಣುಕಿದರು.

"ಮೈಯೆಲ್ಲಾ ಬೆವರ್ತಿದೆ ಮಾಮ" ಎಂದರು ಟೀಚರ್ ಕತ್ತಲಿನೊಳಗಿಂದ. ಮಕ್ಕಳ ಬಾಯಿಂದ ಕೇಳಿ ಕೇಳಿ ಅವರಿಗೂ ಅದೇ ರೂಢಿ. "ಕೈ ನಡುಗ್ತಿದೆ. ನನಗೆ ಶುಗರ್ ಇದೆ, ಬೆಳಿಗ್ಗೆ ಮಾತ್ರೆ ತಗೊಂಡಿದ್ದೀನಿ."

ಬೆವರು, ನಡುಕ, ಶುಗರ್ ಮಾತ್ರೆ. ಈ ಮೂರೂ ಒಟ್ಟಿಗೆ ಕಿವಿಗೆ ಬಿದ್ದರೆ ಇವರ ತಲೆಯಲ್ಲಿ ಒಂದೇ ಅರ್ಥ: ಸಕ್ಕರೆ ಇಳಿದಿದೆ. ತಾನು ಬಿದ್ದ ಗುಂಡಿಯಲ್ಲೇ ಎಲ್ಲರೂ ಬಿದ್ದಾರು ಎಂದುಕೊಳ್ಳುವುದು ಮನುಷ್ಯನ ಸ್ವಭಾವ. ಕೈ ತೂರಿಸಿ ನೀಲಿ ಚೀಲವನ್ನು ಇಡಿಯಾಗಿ ಒಳಗೆ ಕೊಟ್ಟರು. "ಒಂದೊಂದೇ ಚೀಪಿ ಅಮ್ಮಾ. ಹೆದರ್ಬೇಡಿ, ಈಗ ಬಂದೆ."

ಅಲ್ಲಿಂದ ಹದಿಮೂರನೇ ಮಹಡಿಯ ಮೇಲಿನ ಯಂತ್ರದ ಕೋಣೆಗೆ ಮೆಟ್ಟಿಲು. ಹೊಟ್ಟೆ ಖಾಲಿ. ಇಂಥ ಹೊತ್ತಿನಲ್ಲಿ ಹೆಚ್ಚಿನ ಮಾತ್ರೆ ನುಂಗಬೇಕು ಎಂಬುದು ನೆನಪಿಗೆ ಬಂತಂತೆ. ಆಮೇಲೆ ಇಳಿದು ಬಂದು ತಗೊಂಡರಾಯಿತು ಎಂದುಕೊಂಡರಂತೆ. ಮೋಟಾರಿನ ಬ್ರೇಕನ್ನು ಒಂದು ಕೈಯಲ್ಲಿ ಸಡಿಲಿಸಿ ಹಿಡಿದು, ಇನ್ನೊಂದು ಕೈಯಲ್ಲಿ ಚಕ್ರವನ್ನು ತಿರುವುತ್ತಾ, ಹಗ್ಗದ ಮೇಲೆ ಏಳನೇ ಮಹಡಿಗೆಂದು ಬಳಿದ ಹಳದಿ ಗುರುತು ಬರುವ ತನಕ ಲಿಫ್ಟನ್ನು ಎಳೆದರು. ಬ್ರೇಕು ಬಿಗಿದರು. ಬ್ರೇಕು ಬಿಗಿದರು. ಆಮೇಲಿನದು ಅವರಿಗೆ ನೆನಪಿಲ್ಲ.

ನೆನಪಿರುವುದು ಹೆಂಡತಿಗೆ. ತಿಂಡಿಗೆ ಬರಲಿಲ್ಲವೆಂದು ಆಕೆ ಫೋನು ಮಾಡಿದ್ದರು.

"ಎಲ್ಲಿದ್ದೀರಾ? ಮೊಟ್ಟೆ ಆರಿ ಕಲ್ಲಾಗ್ತಿದೆ."

"ಆಯ್ತು."

"ಏನು ಆಯ್ತು? ಮಾತ್ರೆ ತಗೊಂಡ್ರಾ?"

"ಆಯ್ತು."

"ರೀ, ನಿಮ್ಮ ಜೊತೆ ಯಾರಿದ್ದಾರೆ ಅಲ್ಲಿ?"

"ಆಯ್ತು."

ಆಕೆ ಕತ್ತರಿಸುತ್ತಿದ್ದ ಬಟ್ಟೆಯನ್ನು ಅಲ್ಲೇ ಬಿಸಾಕಿ, ಖಾನೆಯಿಂದ ಇಂಜೆಕ್ಷನ್ ಎತ್ತಿಕೊಂಡು ಮೆಟ್ಟಿಲು ಹತ್ತಿದರು. ಮಂಡಿನೋವೆಂದು ಎರಡನೇ ಮಹಡಿಗೂ ಲಿಫ್ಟು ಕಾಯುವ ಹೆಂಗಸು. ಏಳನೇ ಮಹಡಿಯ ಮೆಟ್ಟಿಲ ಮೇಲೆ ಟೀಚರ್ ಸುಧಾರಿಸಿಕೊಳ್ಳುತ್ತಾ ಕೂತಿದ್ದರು. ಅವರ ಮಡಿಲಲ್ಲಿ ನೀಲಿ ಚೌಕಳಿಯ ಚೀಲ. ತಾನೇ ಹೊಲಿದ ಚೀಲ ಬೇರೆಯವರ ಮಡಿಲಲ್ಲಿ ಕಂಡಾಗ ಆಕೆಗೆ ಎಲ್ಲ ಅರ್ಥವಾಯಿತು. ಗಂಡನ ಜೇಬು ಖಾಲಿ. ಚೀಲ ಕಿತ್ತುಕೊಂಡು ಹತ್ತಿದರು. ಒಳಗೆ ಎರಡು ಬಿಲ್ಲೆ ಉಳಿದಿದ್ದವು.

ಯಂತ್ರದ ಕೋಣೆಯಲ್ಲಿ ಅವರು ಗೋಡೆಗೊರಗಿ ಕೂತಿದ್ದರು. ಕಣ್ಣು ಅರ್ಧ ತೆರೆದಿತ್ತು, ಮೈ ತಣ್ಣಗಿತ್ತು. ಪ್ಯಾಂಟಿನ ಮೇಲಿಂದಲೇ ತೊಡೆಗೆ ಚುಚ್ಚಿದರು. ಬಿಲ್ಲೆಗಳನ್ನು ಪುಡಿಮಾಡಿ ಕೆನ್ನೆಯ ಒಳಗೆ ಸವರಿದರು. "ನುಂಗಿ, ನುಂಗಿ" ಎಂದು ಅಳುತ್ತಾ ಬೈಯುತ್ತಾ ಕೂತರು. ಆಂಬ್ಯುಲೆನ್ಸಿನವರು ಸ್ಟ್ರೆಚರ್ ಹಿಡಿದು ಮೇಲೆ ಬರುವ ಹೊತ್ತಿಗೆ ಅವರ ಬಾಯಿಂದ ಮೊದಲ ಮಾತು ಹೊರಟಿತ್ತು: "ಇಷ್ಟು ಜೋರಾಗಿ ಯಾಕೆ ಕಿರುಚ್ತೀಯಾ? ನನಗೇನಾಗಿದೆ?" ತಕರಾರು ತೆಗೆದರಲ್ಲ, ಜೀವ ಬಂತು ಎಂದುಕೊಂಡರಂತೆ ಆಕೆ.

ಟೀಚರ್ ಮನೆಗೆ ಹೋಗಿ ಬೆರಳು ಚುಚ್ಚಿ ನೋಡಿದಾಗ ಅವರ ಸಕ್ಕರೆ ಮುನ್ನೂರರ ಹತ್ತಿರ ಇತ್ತು. ಚೀಪಿದ ಬಿಲ್ಲೆಗಳದ್ದು ಒಂದು ಪಾಲು. ಅದಕ್ಕೂ ಮುಂಚೆ, ಕತ್ತಲಲ್ಲಿ ಸಿಕ್ಕಿಕೊಂಡ ಭಯಕ್ಕೆ ಅವರ ಆರೋಗ್ಯವಂತ ಗ್ರಂಥಿಗಳು ಅಡ್ರಿನಲಿನ್ ಸುರಿದು ಸಕ್ಕರೆಯನ್ನು ಏರಿಸಿಬಿಟ್ಟಿದ್ದವು. ಅವರ ಬೆವರು ಏರಿದ ಭಯದ್ದು, ಇಳಿದ ಸಕ್ಕರೆಯದ್ದಲ್ಲ. ಇದು ತಿಳಿದ ಮೇಲೆ ಆ ಹಿರಿಯ ಹೆಂಗಸು ವಾರಗಟ್ಟಲೆ ಲಿಫ್ಟು ಹತ್ತಲಿಲ್ಲ. ಭಯಕ್ಕಿಂತ ಸಂಕೋಚಕ್ಕೆ.

ಹಾರ್ಮೋನ್ ಡಾಕ್ಟರು ಮಾತ್ರ ಟೀಚರ್‌ಗೆ ಸಕ್ಕರೆ ಕೊಟ್ಟಿದ್ದಕ್ಕೆ ಬೈಯಲಿಲ್ಲ. "ಶುಗರ್ ಮಾತ್ರೆ ತಗೊಂಡೋರು ಬೆವರ್ತಿದ್ರೆ, ಅಳೆಯೋಕೆ ಮೀಟರ್ ಇಲ್ದಿದ್ರೆ, ಸಕ್ಕರೆ ಕೊಡೋದೇ ಸರಿ. ಏರಿದ್ದು ಆಮೇಲೆ ಇಳಿಯುತ್ತೆ. ಆದ್ರೆ ನಾಲ್ಕು ಕೊಡಿ ಸ್ವಾಮಿ, ಚೀಲಾನೇ ಯಾಕೆ ಕೊಟ್ರಿ?" ಎಂದು ಕೇಳಿದರಂತೆ. "ಕತ್ತಲಲ್ಲಿ ಅಷ್ಟು ವಯಸ್ಸಾದೋರು ಕೈ ಚಾಚಿದ್ರು. ಎಣಿಸಿ ಕೊಡೋಕೆ ಮನಸ್ಸು ಬರಲಿಲ್ಲ" ಎನ್ನುತ್ತಾರೆ ಇವರು, ಅಷ್ಟೇ.

ಸುದ್ದಿ ಮಕ್ಕಳ ಕಿವಿಗೂ ಬಿತ್ತು. ಜಿಪುಣ ಮಾಮ ಎಂಬ ಹೆಸರು ಹೋಗಲಿಲ್ಲ, ಅಂಟಿದ ಹೆಸರು ಎಲ್ಲಿ ಹೋಗುತ್ತದೆ? ಆದರೆ ಈಗ ಶಾಲೆಗೆ ಹೊರಟವರು ಲಿಫ್ಟಿನ ಬಾಗಿಲಲ್ಲಿ ಅವರನ್ನು ತಡೆದು ಕೇಳುತ್ತಾರೆ, "ಮಾಮ, ಜೇಬು ತೋರ್ಸಿ. ತುಂಬಿದೆಯಾ?" ಅವರು ತೋರಿಸಬೇಕು. ಇಲ್ಲದಿದ್ದರೆ ದಾರಿ ಬಿಡುವುದಿಲ್ಲ.

ಒಂಬತ್ತರ ಹೊತ್ತಿಗೆ ಸೂಪರ್‌ವೈಸರ್ ಬರುತ್ತಾರೆ. ಇವರಿಗಿಂತ ಹತ್ತು ವರ್ಷ ಚಿಕ್ಕವರು, ಅವರ ಕಣ್ಣಿನ ಕೆಳಗೂ ಕಪ್ಪು. ಡಾಕ್ಟರು ಕೊಟ್ಟ ಅಭಿಪ್ರಾಯ ಅವರ ಕೈ ಸೇರಿದೆ: ಎಚ್ಚರಿಕೆಯಿಂದಿದ್ದರೆ ಕೆಲಸ ಮಾಡಬಹುದು. ಹೇಗೂ ಬಂದಿದ್ದೇನೆ, ನೋಡಿಬಿಡೋಣ ಎಂದು ಅವರೂ ಲಿಫ್ಟಿನ ನೆತ್ತಿ ಹತ್ತುತ್ತಾರೆ. ಇಬ್ಬರೂ ಒಬ್ಬರ ಪಕ್ಕ ಒಬ್ಬರು ಮೇಲಿನ ತನಕ ಹೋಗಿ ಬರುತ್ತಾರೆ. ಹಳಿಗಳು ಮಿಂಚುತ್ತಿವೆ, ಒಂದು ಬೋಲ್ಟೂ ಸಡಿಲವಿಲ್ಲ. ಸೂಪರ್‌ವೈಸರ್ ತಾವೇ ಬನಿಯನ್ನಿನ ಚೂರು ತೆಗೆದುಕೊಂಡು ಹಗ್ಗ ಸವರುತ್ತಾರೆ. ಎಲ್ಲೂ ಸಿಕ್ಕಿಕೊಳ್ಳುವುದಿಲ್ಲ.

"ಕೆಲಸದ ಬಗ್ಗೆ ನಾನು ಏನೂ ಹೇಳೋ ಹಾಗಿಲ್ಲ" ಎನ್ನುತ್ತಾರೆ ಅವರು. "ಒಂದೇ ಒಂದು ಕೇಳ್ತೀನಿ. ಆ ದಿನ ನಿಮಗೆ ಮೊದಲೇ ಗೊತ್ತಾಗಿತ್ತಾ? ಶುಗರ್ ಇಳೀತಿದೆ ಅಂತ?"

ಗೊತ್ತಾಗಿತ್ತು, ಅವಸರದಲ್ಲಿ ಉದಾಸೀನ ಮಾಡಿದೆ ಎಂದರೆ ಸಾಕು. ಉದಾಸೀನಕ್ಕೆ ಒಂದು ಎಚ್ಚರಿಕೆ ಕೊಟ್ಟು ಬಿಟ್ಟುಬಿಡುತ್ತಾರೆ, ಮೇಲೆ ಹತ್ತುವುದು ಉಳಿಯುತ್ತದೆ. ಕೇಳುವವರ ದನಿಯಲ್ಲೇ ಆ ದಾರಿ ತೆರೆದಿದೆ, ಹಾಗೆನ್ನಲಿ ಎಂಬ ಆಸೆಯೂ ಇದೆ. ಮೆಕ್ಯಾನಿಕ್ ಅವರ ಕೈಯಿಂದ ಬನಿಯನ್ನಿನ ಚೂರನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಾರೆ.

"ಗೊತ್ತಾಗ್ಲಿಲ್ಲ ಸರ್. ಒಂಚೂರೂ ಗೊತ್ತಾಗ್ಲಿಲ್ಲ. ಬ್ರೇಕ್ ಹಿಡ್ಕೊಂಡಿದ್ದಾಗ್ಲೇ ಮಂಕು ಬಂದಿದ್ರೆ ಟೀಚರಮ್ಮನ ಗತಿ ಏನಾಗ್ತಿತ್ತೋ. ಒಬ್ಬನೇ ಹೋಗ್ಬಾರದಾಗಿತ್ತು, ಹೋದೆ. ಉಪ್ಪು ತಿಂದೋನು ನೀರು ಕುಡೀಲೇಬೇಕು."

ಬಲ ಜೇಬಿನ ಉಪ್ಪಿನ ಪೊಟ್ಟಣ ನೆನಪಾಗಿಯೋ ಏನೋ, ಇಬ್ಬರೂ ಒಂದು ಕ್ಷಣ ನಗುತ್ತಾರೆ. ನಗು ಬೇಗ ಮುಗಿಯುತ್ತದೆ. ಸೋಮವಾರದಿಂದ ಅವರು ಮೇಲೆ ಹತ್ತುವಂತಿಲ್ಲ. ಗುಂಡಿಗೆ ಇಳಿಯುವಂತಿಲ್ಲ. ಎಲ್ಲ ಕಟ್ಟಡಗಳ ಲಿಫ್ಟುಗಳ ತುರ್ತು ಫೋನು ನೆಲಮಹಡಿಯ ಕೋಣೆಗೆ ಬರುತ್ತದೆ. ಸಿಕ್ಕಿಕೊಂಡವರು ಬಿಡುಗಡೆಯಾಗುವ ತನಕ ಅವರೊಡನೆ ಮಾತಾಡುತ್ತಾ ಕೂರುವುದು ಇನ್ನು ಇವರ ಕೆಲಸ. ಕೋಣೆಗೆ ಒಂದು ಕಿಟಕಿಯಿದೆ ಎಂದು ಸೂಪರ್‌ವೈಸರ್ ಎರಡು ಸಲ ಹೇಳುತ್ತಾರೆ.

ಅವರು ಹೋದ ಮೇಲೆ ಮೆಕ್ಯಾನಿಕ್ ಸೊಂಟದ ಪಟ್ಟಿಯನ್ನು ಬಿಚ್ಚಿ, ಮಡಚಿ, ಕಪಾಟಿನಲ್ಲಿಡುತ್ತಾರೆ. ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ಕೈಯಲ್ಲಿದ್ದ ಬನಿಯನ್ನಿನ ಚೂರನ್ನು ತೋರಿಸುತ್ತಾರೆ.

"ನನ್ನ ಜಾಗಕ್ಕೆ ಬರೋನಿಗೆ ಬನಿಯನ್ ಚೂರು ಕೊಡ್ಬೇಕು. ಹೊಸದು ತರ್ಬೇಡ, ಹೊಸದು ಜಾರುತ್ತೆ, ಹಳೇದೇ ಬೇಕು ಅಂತ ಹೇಳ್ಬೇಕು. ಇಪ್ಪತ್ತೇಳು ವರ್ಷ ನನ್ನ ಕೈಲಿದ್ದ ಹಗ್ಗ ಒಂದೂ ಹರಿದಿಲ್ಲ. ಬರೆಯೋದಾದ್ರೆ ಅಷ್ಟು ಬರೀರಿ."

ಹೊಲಿಗೆ ಅಂಗಡಿಯಲ್ಲಿ ಯಂತ್ರ ಕಟಕಟ ಓಡುತ್ತಿದೆ. ಗಂಡ ಬಾಗಿಲಲ್ಲಿ ನಿಂತಿದ್ದನ್ನು ಕಂಡರೂ ಆಕೆ ಹೊಲಿಗೆಯ ಸಾಲು ಮುಗಿಸಿಯೇ ತಲೆಯೆತ್ತುತ್ತಾರೆ. ಕೇಳಬೇಕಾದದ್ದನ್ನು ಕೇಳಲು ಅಷ್ಟು ಹೊತ್ತು ಬೇಕಿತ್ತು.

"ಏನಂದ್ರು?"

"ಮೇಲೆ ಬೇಡ ಅಂದ್ರು."

ಮೂರು ತಿಂಗಳಿಂದ ಆಕೆ ಇದನ್ನೇ ಬೇಡಿಕೊಂಡಿದ್ದರು. ಬಂದಾಗ ಮಾತ್ರ ಖುಷಿಯಾಗಲಿಲ್ಲ. ಗಂಡ ಈಗ ಹಾರಾಡುತ್ತಾರೆ, ಅವರಿಗೇನು ಗೊತ್ತು ಎನ್ನುತ್ತಾರೆ, ಕಂಪನಿ, ಡಾಕ್ಟರು, ಕಡೆಗೆ ತನ್ನ ತನಕ ಎಲ್ಲರನ್ನೂ ಜಾಲಾಡುತ್ತಾರೆ ಎಂದು ಸೆರಗು ಬಿಗಿದು ಕಾಯುತ್ತಾರೆ. ಅವರು ಸ್ಟೂಲಿನ ಮೇಲೆ ಕೂರುತ್ತಾರೆ, ಅಷ್ಟೇ.

"ಮನೆಗೆ ಹೋಗಿ ಸ್ವಲ್ಪ ಮಲಗಿ ರೀ. ನಾನು ಇದೊಂದು ಮುಗಿಸಿ ಬರ್ತೀನಿ."

"ಆಯ್ತು."

ಕತ್ತರಿ ನೆಲಕ್ಕೆ ಬೀಳುತ್ತದೆ. ಆಕೆ ಒಂದೇ ನೆಗೆತಕ್ಕೆ ಎದ್ದು ಗಂಡನ ಕೈ ಹಿಡಿದು, ಖಾನೆಯಿಂದ ಮೀಟರ್ ತೆಗೆದು, ಬೆರಳ ತುದಿಯ ಗ್ರೀಸನ್ನು ಒರೆಸಿ, ಚುಚ್ಚುತ್ತಾರೆ. ಇನ್ನೊಂದು ಕೈ ಆಗಲೇ ಇಂಜೆಕ್ಷನ್ ಹುಡುಕುತ್ತಿದೆ. ಮೀಟರು ಯೋಚಿಸಿ ಯೋಚಿಸಿ ತೊಂಬತ್ತೆಂಟು ಎನ್ನುತ್ತದೆ. ನಂಬಿಕೆ ಬರದೆ ಇನ್ನೊಂದು ಬೆರಳಿಗೆ ಚುಚ್ಚುತ್ತಾರೆ. ತೊಂಬತ್ತೇಳು. ಆಕೆ ಮೀಟರನ್ನೊಮ್ಮೆ, ಗಂಡನ ಮುಖವನ್ನೊಮ್ಮೆ ನೋಡುತ್ತಾರೆ.

"ಸರಿಯಾಗೇ ಇದೆಯಲ್ರೀ?"

"ಸರಿಯಾಗೇ ಇದೆ ಕಣೇ" ಎನ್ನುತ್ತಾರೆ ಅವರು, ಕೈ ಬಿಡಿಸಿಕೊಳ್ಳದೆ. "ಸುಸ್ತಾಗಿದೆ, ಅಷ್ಟೇ."